ಹಿಡಿಯುವವನ ಬೆಲೆ

ಮಕ್ಕಳ ರಫ್ ನೋಟ್‌ಬುಕ್ಕನ್ನು ಹಿಂದಿನಿಂದ ತೆರೆದು ನೋಡುವ ಅಭ್ಯಾಸ ಎಲ್ಲ ತಂದೆಯರಿಗೂ ಇರುವುದಿಲ್ಲ. ಬಿನ್ನಿಪೇಟೆಯ ಈ ತಂದೆಗೆ ಇತ್ತು. ಬಳೇಪೇಟೆಯ ಅಂಗಡಿಯೊಂದರಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುವ ಅವರಿಗೆ, ಯಾವ ಪುಸ್ತಕದಲ್ಲೇ ಆಗಲಿ ಅಸಲು ವಿಷಯ ಕೊನೆಯ ಪುಟಗಳಲ್ಲಿರುತ್ತದೆ ಎಂಬ ನಂಬಿಕೆ. ಮಗ ಹತ್ತನೇ ತರಗತಿ. ಅರ್ಧವಾರ್ಷಿಕ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಹುಡುಗ ಟ್ಯೂಷನ್ನಿಗೆ ಹೋಗಿದ್ದ ಹೊತ್ತಿನಲ್ಲಿ ಅವರು ನೋಟ್‌ಬುಕ್ಕನ್ನು ತಿರುಗಿಸಿ ಹಿಡಿದರು.

ಅಲ್ಲಿದ್ದುದು ಬೀಜಗಣಿತವಲ್ಲ. ಸ್ಕೇಲು ಇಟ್ಟು ಎಳೆದ ಅಚ್ಚುಕಟ್ಟಾದ ಕಾಲಂಗಳು. ಹೆಸರು, ಊರು, ಎತ್ತರ, ತೂಕ, ಸ್ಥಾನ, ದರ್ಜೆ, ಬೆಲೆ. ಹೀಗೆ ನಲವತ್ತೆರಡು ಜನರ ಪಟ್ಟಿ. ಹಾವೇರಿಯವನೊಬ್ಬ, ಕಾರ್ಕಳದವನೊಬ್ಬ, ಮಂಡ್ಯದ ಅವಳಿ ಸಹೋದರರು. ಒಬ್ಬೊಬ್ಬನ ಮುಂದೆಯೂ ಎರಡು ಸಾಲಿನ ಟಿಪ್ಪಣಿ: ‘ಎಡ ಮೂಲೆ. ಕಣಕಾಲು ಹಿಡಿತ ಗಟ್ಟಿ. ಆತುರ ಜಾಸ್ತಿ. ಬೇಡ.’ ಇನ್ನೊಬ್ಬನಿಗೆ: ‘ಬಲ ಕವರ್. ಉದ್ದ ಕೈ. 40 ಲಕ್ಷದವರೆಗೆ ಕೂಗಬಹುದು.’ ಈ ನಲವತ್ತೆರಡು ಜನರಲ್ಲಿ ಒಬ್ಬನೂ ಭೂಮಿಯ ಮೇಲೆ ಇಲ್ಲ. ಎಲ್ಲರೂ ಹುಡುಗನ ಕಲ್ಪನೆಯ ಕಬಡ್ಡಿ ಆಟಗಾರರು. ಇನ್ನೂ ವಿಚಿತ್ರವೆಂದರೆ ಪಟ್ಟಿಯಲ್ಲಿ ಒಬ್ಬ ರೈಡರ್ ಕೂಡ ಇರಲಿಲ್ಲ. ಎಲ್ಲರೂ ಹಿಡಿಯುವವರೇ, ಡಿಫೆಂಡರುಗಳೇ.

ತಂದೆಗೆ ಸಿಟ್ಟು ಬಂದದ್ದು ಸಹಜ. 625 ಅಂಕಗಳ ಪರೀಕ್ಷೆ ಎದುರಿಗಿರುವಾಗ ಇಲ್ಲದ ಆಟಗಾರರಿಗೆ ಇಲ್ಲದ ಹರಾಜಿನಲ್ಲಿ ಬೆಲೆ ಕಟ್ಟುತ್ತ ಕೂತರೆ ಯಾವ ತಂದೆ ಸುಮ್ಮನಿದ್ದಾನು?

ಈ ಆಟ ಮನೆಗೆ ಬಂದದ್ದು ಅಮೆರಿಕದಿಂದ. ಜೂನ್ ತಿಂಗಳಲ್ಲಿ ಹುಡುಗನ ದೊಡ್ಡಪ್ಪನ ಮಗ ರಜೆಗೆಂದು ಬಂದಿದ್ದ. ಅವನಿಗೆ ಅಲ್ಲಿಯ ಫುಟ್‌ಬಾಲ್ ಹುಚ್ಚು. ಅದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಆಡುವ, ಮೈಗೆ ಮೈ ಅಪ್ಪಳಿಸುವ ಆಟ. ಅಲ್ಲಿ ವೃತ್ತಿಪರ ತಂಡಗಳು ಕಾಲೇಜುಗಳಿಂದ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. 1936ರಲ್ಲಿ ಆರಂಭವಾದ ಈ ಪದ್ಧತಿಗೆ ಡ್ರಾಫ್ಟ್ ಎಂದು ಹೆಸರು. ಅದಕ್ಕೂ ಮುಂಚೆ ಇಂಡಿಯಾನಾಪೊಲಿಸ್ ನಗರದಲ್ಲಿ ಹುಡುಗರನ್ನು ಸಾಲಾಗಿ ನಿಲ್ಲಿಸಿ ತೂಕ ನೋಡುತ್ತಾರೆ, ತೋಳಿನ ಉದ್ದ ಅಳೆಯುತ್ತಾರೆ, 40 ಗಜ ಓಡಿಸಿ ಕಾಲ ಗುರುತಿಸಿಕೊಳ್ಳುತ್ತಾರೆ. ಪಾರಖಿಗಳು ವರ್ಷವಿಡೀ ಊರೂರು ಸುತ್ತಿ ಬರೆದಿಟ್ಟ ಟಿಪ್ಪಣಿಗಳಿಗೆ ಈ ಅಳತೆಗಳನ್ನು ಸೇರಿಸಿ ದರ್ಜೆ ಕೊಡುತ್ತಾರೆ.

ದೊಡ್ಡಪ್ಪನ ಮಗನಿಗೆ ಇದರ ನಕಲು ಆಡುವುದೇ ಸಂತೋಷ. ಇಲ್ಲದ ಕಾಲೇಜು ಆಟಗಾರರನ್ನು ಹುಟ್ಟಿಸಿ, ಅವರಿಗೆ ದರ್ಜೆ ಕೊಟ್ಟು, ತನ್ನ ತಂಡಕ್ಕೆ ಯಾರು ಬೇಕು ಯಾರು ಬೇಡ ಎಂದು ತೀರ್ಮಾನಿಸುವುದು. ಅದರಲ್ಲೂ ಅವನಿಗೆ ಪ್ರೀತಿ, ಮುಂದಿನ ಸಾಲಿನಲ್ಲಿ ನಿಲ್ಲುವ ಐದು ಜನ ದಾಂಡಿಗರ ಮೇಲೆ. ಮಧ್ಯದಲ್ಲಿ ಒಬ್ಬ, ಅವನ ಎರಡೂ ಪಕ್ಕ ಇಬ್ಬಿಬ್ಬರು. ಚೆಂಡು ಎಸೆಯುವ ನಾಯಕನ ಮೇಲೆ ಎದುರಾಳಿಗಳು ಬೀಳದಂತೆ ಅಡ್ಡ ನಿಲ್ಲುವುದು ಅವರ ಕೆಲಸ. ಅವರು ಸಾಮಾನ್ಯವಾಗಿ ಚೆಂಡು ಮುಟ್ಟುವುದಿಲ್ಲ, ಅಂಕ ಗಳಿಸುವುದಿಲ್ಲ. ಮೈದಾನದಲ್ಲಿ ಅವರ ಹೆಸರು ಕೇಳಿಬರುವುದು ಹೆಚ್ಚಾಗಿ ತಪ್ಪು ಮಾಡಿದಾಗಲೇ.

“ಹಾಗಾದ್ರೆ ಅವ್ರು ಚೆನ್ನಾಗಿ ಆಡ್ತಾರೋ ಇಲ್ವೋ ಅಂತ ಹೇಗಣ್ಣ ಗೊತ್ತಾಗತ್ತೆ?” ಎಂದು ಹುಡುಗ ಕೇಳಿದ್ದನಂತೆ.

ಅಮೆರಿಕದ ಅಣ್ಣ ಒಂದು ನಿಜವಾದ ಕಥೆ ಹೇಳಿದ. 2011ರ ಡ್ರಾಫ್ಟಿನಲ್ಲಿ ಜೇಸನ್ ಕೆಲ್ಸಿ ಎಂಬ ಸಿನ್ಸಿನಾಟಿ ವಿಶ್ವವಿದ್ಯಾಲಯದ ಹುಡುಗನನ್ನು ಫಿಲಡೆಲ್ಫಿಯಾ ತಂಡ ಆರಿಸಿಕೊಂಡದ್ದು ಆರನೇ ಸುತ್ತಿನಲ್ಲಿ, 191ನೆಯವನಾಗಿ. ಆ ಸ್ಥಾನಕ್ಕೆ ಅವನ ಮೈತೂಕ ಸಾಲದು ಎಂಬುದು ಅನೇಕರ ಅಭಿಪ್ರಾಯವಾಗಿತ್ತು. ಆತ ಅದೇ ತಂಡದಲ್ಲಿ ಹದಿಮೂರು ಋತು ಆಡಿ, 2018ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದು, 2024ರಲ್ಲಿ ನಿವೃತ್ತನಾದ. ಅವನಿಗಿಂತ ಮುಂಚೆ ಆಯ್ಕೆಯಾದ 190 ಜನರಲ್ಲಿ ಹೆಚ್ಚಿನವರು ಅಷ್ಟು ವರ್ಷ ಆಡಲೇ ಇಲ್ಲ. ಅಳತೆಪಟ್ಟಿ ಅವನ ತೂಕವನ್ನು ಸರಿಯಾಗಿಯೇ ಹೇಳಿತ್ತು. ಆದರೆ ತೂಕವೊಂದನ್ನೇ ನೋಡಿದವರು ಆಟಗಾರನನ್ನು ನೋಡಲಿಲ್ಲ.

ಬಿನ್ನಿಪೇಟೆಯ ಹುಡುಗನಿಗೆ ಅಮೆರಿಕದ ಆಟ ಗೊತ್ತಿಲ್ಲ. ಆದರೆ ಅಡ್ಡ ನಿಲ್ಲುವವರ ಕಷ್ಟ ಗೊತ್ತು. ಅವನು ಕಬಡ್ಡಿಯಲ್ಲಿ ಎಡ ಕವರ್. ಹೀಗಾಗಿ ಇಬ್ಬರೂ ಸೇರಿ ಆ ಆಟವನ್ನು ಕಬಡ್ಡಿಗೆ ಇಳಿಸಿದರು.

ಕಬಡ್ಡಿ ಎಲ್ಲರೂ ನೋಡಿರುವ ಆಟವಾದರೂ ಹಿಡಿಯುವವರ ವ್ಯವಸ್ಥೆಯನ್ನು ಗಮನಿಸುವವರು ಕಡಿಮೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ತಂಡದ ಪಾಲಿಗೆ ಆರೂವರೆ ಮೀಟರ್ ಉದ್ದದ ಅಂಗಳ. ಅದರಲ್ಲಿ ಏಳು ಜನ. ಎರಡು ಮೂಲೆಗೆ ಇಬ್ಬರು, ಅವರ ಪಕ್ಕ ‘ಇನ್’ ಎಂಬ ಜಾಗದಲ್ಲಿ ಇಬ್ಬರು, ಆಮೇಲೆ ಕವರ್ ಇಬ್ಬರು, ನಡುವೆ ಒಬ್ಬ. ರೈಡರ್‌ಗೆ ಇರುವುದು 30 ಸೆಕೆಂಡು. ಅಷ್ಟರಲ್ಲಿ ಅವನು ಒಬ್ಬನನ್ನಾದರೂ ಮುಟ್ಟಿ ವಾಪಸು ಓಡಬೇಕು; ಇವರು ಅವನನ್ನು ಗೆರೆ ದಾಟದಂತೆ ತಡೆಯಬೇಕು. ಮೂಲೆಯವನು ಕಾಲಿಗೆ ಬೀಳುತ್ತಾನೆ. ಕವರ್‌ನವನು ಓಡುವ ದಾರಿಗೆ ಅಡ್ಡ ಬರುತ್ತಾನೆ. ಉಳಿದವರು ಕೈಗೆ ಕೈ ಕೊಟ್ಟು ಸರಪಳಿಯಾಗುತ್ತಾರೆ.

ಸರಪಳಿ ಏಕೆ ಎಂಬುದಕ್ಕೆ ಹುಡುಗನ ವಿಜ್ಞಾನ ಪಠ್ಯದಲ್ಲೇ ಉತ್ತರವಿದೆ. 75 ಕಿಲೋ ತೂಕದ ರೈಡರ್ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಗೆರೆಯತ್ತ ನುಗ್ಗುತ್ತಿದ್ದಾನೆ ಎಂದುಕೊಳ್ಳೋಣ. ಅವನ ಸಂವೇಗ 75 ಗುಣಿಸು 4, ಅಂದರೆ 300. ಅರ್ಧ ಸೆಕೆಂಡಿನಲ್ಲಿ ಅವನನ್ನು ನಿಲ್ಲಿಸಬೇಕಾದರೆ ಸರಾಸರಿ 600 ನ್ಯೂಟನ್ ಬಲ ಬೇಕು. ಇದು ಸುಮಾರು 61 ಕಿಲೋ ತೂಕದ ಮನುಷ್ಯನನ್ನು ಎತ್ತಿ ಹಿಡಿಯುವುದಕ್ಕೆ ಸಮ. ಒಬ್ಬನೇ ಹಿಡಿದರೆ ಕೈ ಜಾರುತ್ತದೆ, ಇಲ್ಲವೇ ಭುಜ ಕಳಚುತ್ತದೆ. ಪಕ್ಕದವನು ಅದೇ ಕ್ಷಣಕ್ಕೆ ಕೂಡಿಕೊಂಡರೆ ಭಾರ ಇಬ್ಬರಿಗೆ ಹಂಚಿಹೋಗುತ್ತದೆ. ಇಲ್ಲಿ ಮುಖ್ಯವಾದ ಮಾತು ‘ಅದೇ ಕ್ಷಣಕ್ಕೆ’ ಎಂಬುದು. ಕಾಲು ಸೆಕೆಂಡು ತಡವಾದರೂ ರೈಡರ್ ಒಂದು ಮೀಟರ್ ಮುಂದೆ ಹೋಗಿರುತ್ತಾನೆ.

ಹುಡುಗರಿಬ್ಬರೂ ಈ ಕಾಲು ಸೆಕೆಂಡನ್ನೂ ಅಳೆದಿದ್ದರು. 30 ಸೆಂಟಿಮೀಟರಿನ ಸ್ಕೇಲನ್ನು ಒಬ್ಬ ಲಂಬವಾಗಿ ಹಿಡಿದು ಹೇಳದೆ ಬಿಡುವುದು, ಇನ್ನೊಬ್ಬ ಎರಡು ಬೆರಳಿನಲ್ಲಿ ಹಿಡಿಯುವುದು. 20 ಸೆಂಟಿಮೀಟರ್ ಜಾರಿದ ಮೇಲೆ ಹಿಡಿದರೆ ಪ್ರತಿಕ್ರಿಯೆಗೆ ಹಿಡಿದ ಕಾಲ ಸುಮಾರು 0.20 ಸೆಕೆಂಡು, 15 ಸೆಂಟಿಮೀಟರಿಗೇ ಹಿಡಿದರೆ 0.17 ಚಿಲ್ಲರೆ. ಗುರುತ್ವದ ಸೂತ್ರ ಗೊತ್ತಿದ್ದವರು ಮನೆಯಲ್ಲೇ ಮಾಡಿ ನೋಡಬಹುದು. ಪಟ್ಟಿಯಲ್ಲಿ ‘ಸ್ಕೇಲು’ ಎಂದು ಅಂಚಿನಲ್ಲಿ ಬರೆದಿದ್ದ ಅಂಕಿಗಳ ಅರ್ಥ ಇದು. ತಂದೆಗೆ ಇದೆಲ್ಲ ತಿಳಿದದ್ದು ಆಮೇಲೆ.

ಬೆಲೆಗಳನ್ನೂ ಹುಡುಗ ಗಾಳಿಯಲ್ಲಿ ಬರೆದಿರಲಿಲ್ಲ. ಪ್ರೊ ಕಬಡ್ಡಿ ಲೀಗ್ 2014ರಲ್ಲಿ ಶುರುವಾದಾಗ ಅತಿ ಹೆಚ್ಚಿನ ಬೆಲೆ ರಾಕೇಶ್ ಕುಮಾರ್‌ಗೆ ಸಿಕ್ಕ 12.80 ಲಕ್ಷ ರೂಪಾಯಿ. ನಾಲ್ಕೇ ವರ್ಷದಲ್ಲಿ, 2018ರ ಹರಾಜಿನಲ್ಲಿ, ಮೊದಲ ಬಾರಿಗೆ ಒಬ್ಬ ಆಟಗಾರನ ಬೆಲೆ ಒಂದು ಕೋಟಿ ಮುಟ್ಟಿತು. ಆತ ರೈಡರ್ ಅಲ್ಲ. ಎಡ ಮೂಲೆಯಲ್ಲಿ ನಿಂತು ಹಿಡಿಯುವ ಇರಾನಿನ ಫಜಲ್ ಅತ್ರಾಚಲಿ. ಅದೇ ವರ್ಷ ಜಕಾರ್ತದ ಏಷ್ಯನ್ ಕ್ರೀಡಾಕೂಟದ ಸೆಮಿಫೈನಲಿನಲ್ಲಿ ಇರಾನ್ ಭಾರತವನ್ನು 27–18ರಿಂದ ಸೋಲಿಸಿತು. 1990ರಲ್ಲಿ ಬೀಜಿಂಗ್‌ನಲ್ಲಿ ಕಬಡ್ಡಿ ಸೇರ್ಪಡೆಯಾದಂದಿನಿಂದ ಪ್ರತಿ ಕೂಟದಲ್ಲೂ ಚಿನ್ನ ಗೆದ್ದಿದ್ದ ಭಾರತದ ಪುರುಷರ ತಂಡ ಮೊದಲ ಬಾರಿ ಫೈನಲಿನಿಂದ ಹೊರಗುಳಿದದ್ದು ಎದುರಾಳಿಯ ಹಿಡಿತದ ಮುಂದೆ. ಆದರೂ ಇಂದಿಗೂ ಗಲ್ಲಿಯ ಹುಡುಗರಿಗೆ ನೆನಪಿರುವುದು ರೈಡರ್‌ಗಳ ಹೆಸರೇ.

ಸಿಟ್ಟಾಗಿದ್ದ ತಂದೆ ನೋಟ್‌ಬುಕ್ಕನ್ನು ಹಿಡಿದು ಹಾಲಿಗೆ ಬಂದಾಗ ಅಲ್ಲಿ ಕೂತಿದ್ದವರು ತಾತ. ಬಿನ್ನಿ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. 1884ರಲ್ಲಿ ಹುಟ್ಟಿ ಇಡೀ ಪೇಟೆಗೆ ತನ್ನ ಹೆಸರು ಕೊಟ್ಟ ಆ ಮಿಲ್ಲು ಈಗಿಲ್ಲ; ಆ ಜಾಗದಲ್ಲಿ ಎತ್ತರೆತ್ತರದ ಅಪಾರ್ಟ್‌ಮೆಂಟುಗಳು ಎದ್ದಿವೆ. ಪಾಳಿ ಮುಗಿಸಿ ಬಂದವರು ಸಂಜೆ ಮಣ್ಣಿನಲ್ಲಿ ಗೆರೆ ಎಳೆದು ಕಬಡ್ಡಿ ಆಡುತ್ತಿದ್ದ ಕಾಲ ತಾತನದು. ಅವರ ಎಡಗೈ ಕಿರುಬೆರಳು ಇವತ್ತಿಗೂ ಸೊಟ್ಟ. ಸರಪಳಿಯಲ್ಲಿ ಸಿಕ್ಕಿ ಮುರಿದದ್ದು.

ತಾತ ಕನ್ನಡಕ ಹಾಕಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರು. ಬೈಯಲಿಲ್ಲ. “ಎಲ್ಲಾ ಸರಿಯಾಗೇ ಬರ್ದವ್ನೆ. ಆದ್ರೆ ಒಂದು ಬಿಟ್ಟವ್ನೆ ನೋಡು. ಇವನ ಪಕ್ಕದಲ್ಲಿ ಯಾರು ನಿಂತಿದ್ರು ಅಂತ ಎಲ್ಲೂ ಬರ್ದಿಲ್ಲ,” ಎಂದರು.

“ಅದನ್ನ ಯಾಕೆ ಬರೀಬೇಕಪ್ಪ?”

“ಕೈ ಹಿಡ್ಕೊಂಡು ಆಡೋ ಆಟ ಕಣಯ್ಯ ಇದು. ಪಕ್ಕದೋನು ಯಾರು ಅಂತ ಗೊತ್ತಿಲ್ದೆ ಇವನ್ಗೆ ಎಂಥಾ ಬೆಲೆ ಕಟ್ತೀಯ?”

ತಾತನ ಮಾತಿನಲ್ಲಿ ಹುರುಳಿದೆ. ಒಂದು ಹಿಡಿತಕ್ಕೆ ಮೂವರು ಕೈ ಹಾಕಿದರೂ ಅಂಕಪಟ್ಟಿಯಲ್ಲಿ ಅದು ಸಾಮಾನ್ಯವಾಗಿ ಒಬ್ಬನ ಹೆಸರಿಗೇ ಜಮಾ ಆಗುತ್ತದೆ. 2019ರ ಜನವರಿ 5ರಂದು ಮುಂಬೈಯಲ್ಲಿ ಬೆಂಗಳೂರು ಬುಲ್ಸ್ ತಂಡ ಗುಜರಾತನ್ನು 38–33ರಿಂದ ಸೋಲಿಸಿ ಮೊದಲ ಬಾರಿ ಪ್ರಶಸ್ತಿ ಗೆದ್ದಿತಲ್ಲ, ಅಂದು ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಅದು ಅಪ್ರತಿಮ ಸಾಧನೆಯೇ. ಆದರೆ ಕಬಡ್ಡಿಯ ನಿಯಮವನ್ನು ಒಮ್ಮೆ ನೆನಪಿಸಿಕೊಳ್ಳಬೇಕು. ಔಟಾಗಿ ಹೊರಗೆ ಕುಳಿತ ರೈಡರ್ ತಾನಾಗಿ ಒಳಗೆ ಬರಲಾರ. ಒಳಗಿರುವವರು ಎದುರಾಳಿಯನ್ನು ಔಟ್ ಮಾಡಿದಾಗ ಮಾತ್ರ ಸರದಿಯಂತೆ ಒಬ್ಬೊಬ್ಬರಿಗೆ ಜೀವ ಬರುತ್ತದೆ. ರೈಡರ್‌ನ ಮುಂದಿನ ದಾಳಿಗೆ ದಾರಿ ಮಾಡಿಕೊಡುವ ಹಿಡಿತ ಇನ್ನೊಬ್ಬನದು. ಆ ಇನ್ನೊಬ್ಬನ ಹಿಂದೆ ಕೈ ಬಿಡದೆ ನಿಂತ ಮತ್ತೊಬ್ಬನಿರುತ್ತಾನೆ. ಅವನಿಗೆ ಅಂಕಪಟ್ಟಿಯಲ್ಲಿ ಕಾಲಂ ಇಲ್ಲ.

ಇಷ್ಟು ಹೇಳಿ ತಾತ ಕೊನೆಯ ಸಾಲಿನ ಮೇಲೆ ಸೊಟ್ಟ ಬೆರಳಿಟ್ಟರು. ನಲವತ್ತೆರಡನೆಯವನಿಗೆ ಹೆಸರಿರಲಿಲ್ಲ. ಊರು: ಬೆಂಗಳೂರು. ಎತ್ತರ: 5 ಅಡಿ 4 ಅಂಗುಲ. ತೂಕ: 51. ಸ್ಥಾನ: ಎಡ ಕವರ್. ಟಿಪ್ಪಣಿ: ‘ನಿಧಾನ. ಗಿಡ್ಡ. ಯಾರೂ ಕೂಗಲಿಲ್ಲ.’ ಬೆಲೆಯ ಕಾಲಂ ಖಾಲಿ.

ತಂದೆ ತಲೆಯೆತ್ತಿ ಅಡುಗೆಮನೆಯ ಬಾಗಿಲ ಚೌಕಟ್ಟನ್ನು ನೋಡಿದರು. ಪ್ರತಿ ಯುಗಾದಿಗೆ ಮಗನನ್ನು ಅಲ್ಲಿ ನಿಲ್ಲಿಸಿ ಪೆನ್ಸಿಲಿನಲ್ಲಿ ಗೆರೆ ಎಳೆಯುವವರು ಅವರೇ. ಮೇಲಿನ ಗೆರೆಯ ಪಕ್ಕದಲ್ಲಿ ಅವರದೇ ಅಕ್ಷರದಲ್ಲಿ ಬರೆದಿತ್ತು: 5–4.

ಆಗಸ್ಟಿನಲ್ಲಿ ಒಂದು ಆಯ್ಕೆ ನಡೆದಿತ್ತು. ಅರವತ್ತಕ್ಕೂ ಹೆಚ್ಚು ಹುಡುಗರು, ಒಂದೇ ಬೆಳಗಿನ ಹೊತ್ತು. ಪ್ರತಿಯೊಬ್ಬನನ್ನೂ ಎರಡೆರಡು ಬಾರಿ ದಾಳಿಗೆ ಕಳಿಸಿದರು. ಅಂಕ ತಂದವರನ್ನು ಒಂದು ಪಕ್ಕ ನಿಲ್ಲಿಸಿಕೊಂಡರು. ಹಿಡಿಯುವವರ ಪರೀಕ್ಷೆಗೆ ಸಮಯವೇ ಉಳಿಯಲಿಲ್ಲ. ಎಡ ಕವರ್‌ನಲ್ಲಿ ಆಡುವವನನ್ನು ಅವನ ಜೊತೆಗಾರನೊಂದಿಗೆ ಒಂದು ಸಲವೂ ನಿಲ್ಲಿಸಿ ನೋಡಲಿಲ್ಲ. ಆಯ್ಕೆ ಮಾಡಿದವರು ಕೆಟ್ಟವರೆಂದಲ್ಲ; ಅಷ್ಟು ಜನರನ್ನು ಅಷ್ಟು ಹೊತ್ತಿನಲ್ಲಿ ನೋಡಬೇಕಾದವರು ಸುಲಭವಾಗಿ ಎಣಿಸಬಹುದಾದದ್ದನ್ನೇ ಎಣಿಸುತ್ತಾರೆ. ಆ ಸಂಜೆ ಮನೆಗೆ ಬಂದ ಹುಡುಗ “ಆಗ್ಲಿಲ್ಲ” ಎಂದಷ್ಟೇ ಹೇಳಿದ್ದ. “ಒಳ್ಳೇದಾಯ್ತು ಬಿಡು, ಓದ್ಕೋ” ಎಂದಿದ್ದರು ತಂದೆ. ಆ ಮಾತು ಈಗ ಅವರಿಗೇ ಚುಚ್ಚಿತು.

ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಯನ್ನು ನಾವೆಲ್ಲ ಧೈರ್ಯವಾಗಿ ಹೇಳುತ್ತೇವೆ. ಆದರೆ ಮೊಳಕೆಯನ್ನು ನೋಡುವ ಕಣ್ಣು ಯಾವುದು ಎಂದು ಕೇಳಿಕೊಳ್ಳುವುದಿಲ್ಲ. ತಿಂಗಳಿಗೊಮ್ಮೆ ಬರುವ ಮಾರ್ಕ್ಸ್‌ಕಾರ್ಡಿನಲ್ಲಿ ತಂದೆ ನೋಡುತ್ತಿದ್ದುದೂ ಕೊನೆಯ ಒಂದೇ ಸಾಲನ್ನು, ಒಟ್ಟು ಎಷ್ಟು ಎಂಬುದನ್ನು. ಗಣಿತದಲ್ಲಿ ಹಿಂದುಳಿದ ಗೆಳೆಯನನ್ನು ಮಗ ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದ ವಿಷಯಕ್ಕೆ ಅದರಲ್ಲಿ ಜಾಗವಿರಲಿಲ್ಲ. ದೊಡ್ಡವರು ತನಗೆ ಕಟ್ಟಿದ ಬೆಲೆಯನ್ನೇ ಹುಡುಗ ಕೊನೆಯ ಸಾಲಿನಲ್ಲಿ ನಕಲು ಮಾಡಿದ್ದ.

ಹಾಗೆಂದು ಪುಸ್ತಕ ಮಡಿಚಿಟ್ಟು ಅಂಕಣಕ್ಕೆ ಓಡಬೇಕೆಂದು ಹೇಳುವಂತಿಲ್ಲ. ಲೆಕ್ಕ ಬರೆಯುವ ತಂದೆ ಅದನ್ನೂ ಲೆಕ್ಕ ಹಾಕಿದರು. ಪ್ರೊ ಕಬಡ್ಡಿಯಲ್ಲಿ 12 ತಂಡಗಳು. ಒಂದೊಂದು ತಂಡದಲ್ಲಿ ಹೆಚ್ಚೆಂದರೆ 25 ಜನ. ಇಡೀ ದೇಶಕ್ಕೆ, ಹೊರದೇಶದವರೂ ಸೇರಿ, ಇರುವುದು 300 ಜಾಗ. ಕೋಟಿಯ ಸುದ್ದಿ ಪತ್ರಿಕೆಯಲ್ಲಿ ದೊಡ್ಡದಾಗಿ ಬರುತ್ತದೆ. ಯಾರೂ ಕೂಗದೆ ಉಳಿದವರ ಪಟ್ಟಿ ಬರುವುದಿಲ್ಲ. ರೈಲ್ವೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾದಲ್ಲಿ ಕೆಲಸ ಹಿಡಿದು ನೆಮ್ಮದಿಯಾಗಿರುವ ಆಟಗಾರರಿದ್ದಾರೆ, ನಿಜ. ಅಲ್ಲಿಗೂ ಓದು ಬೇಕು. ಆಟವೇ ಹೊಟ್ಟೆಗೆ ದಾರಿಯಾಗಬೇಕೆಂದು ಹದಿನೈದರ ಹುಡುಗನ ತಲೆಯ ಮೇಲೆ ಹೊರಿಸುವುದೂ ತಪ್ಪು, ಹೊಟ್ಟೆಗೆ ದಾರಿಯಾಗದ ಆಟಕ್ಕೆ ಬೆಲೆಯೇ ಇಲ್ಲವೆನ್ನುವುದೂ ತಪ್ಪು.

ಇನ್ನೊಂದು ಸಂಗತಿ ತಾತ ನೆನಪಿಸಿದರು. ಆಟದಿಂದ ಬೆಳೆಯುವುದು ಆಡುವವನಷ್ಟೇ ಅಲ್ಲ, ಇನ್ನೊಬ್ಬರ ಆಟವನ್ನು ನೋಡಬಲ್ಲವನೂ ಬೆಳೆಯುತ್ತಾನೆ. 2001ರ ಅರ್ಜುನ ಪ್ರಶಸ್ತಿ ಪಡೆದ ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತಾವು ಆಡುವುದನ್ನು ನಿಲ್ಲಿಸಿದ ಮೇಲೆ ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ತಂಡಕ್ಕೂ 2024ರಲ್ಲಿ ಪುಣೆ ತಂಡಕ್ಕೂ ಪ್ರೊ ಕಬಡ್ಡಿ ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಯಾರ ಪಕ್ಕ ಯಾರನ್ನು ನಿಲ್ಲಿಸಬೇಕು ಎಂಬುದನ್ನು ಬಲ್ಲದೆ ಇಂಥ ಕೆಲಸ ಆಗುವುದಿಲ್ಲ. “ನಿನ್ನ ಮಗ ಈ ಪುಸ್ತಕದಲ್ಲಿ ಮಾಡ್ತಿರೋದೂ ಅದೇ ಪಾಠ,” ಎಂದರು ತಾತ.

ಆ ಭಾನುವಾರ ಬೆಳಿಗ್ಗೆ ತಂದೆ ಮೊದಲ ಬಾರಿಗೆ ಮಗನ ಆಟ ನೋಡಲು ಹೋದರು. ಹೊರಡುವಾಗ ತಾತ ಒಂದೇ ಮಾತು ಹೇಳಿ ಕಳಿಸಿದ್ದರು: “ರೈಡ್ ಮಾಡೋನ್ನ ನೋಡ್ಬೇಡ. ಇವನೊಬ್ಬನ್ನೇ ನೋಡ್ತಿರು.”

ಇದು ಕೇಳಿದಷ್ಟು ಸುಲಭವಲ್ಲ. ಕಣ್ಣು ತಾನಾಗಿ ಓಡುವವನ ಹಿಂದೆ ಓಡುತ್ತದೆ. ನಾಲ್ಕು ದಾಳಿ ಹೀಗೇ ತಪ್ಪಿಹೋಯಿತು. ಐದನೆಯದರಿಂದ ಅವರಿಗೆ ಕಾಣತೊಡಗಿತು. ಎದುರಾಳಿ ಬೋನಸ್ ಗೆರೆಯತ್ತ ಕಾಲು ಚಾಚಿ ಆಸೆ ತೋರಿಸಿದಾಗ ಮೂಲೆಯ ಹುಡುಗ ಆತುರದಿಂದ ನುಗ್ಗಲು ಹೊರಟಿದ್ದ. ಮಗ ಹಿಡಿದಿದ್ದ ಕೈಯನ್ನು ಹಿಂದಕ್ಕೆ ಜಗ್ಗಿ ಅವನನ್ನು ನಿಲ್ಲಿಸಿದ. ಇನ್ನೊಮ್ಮೆ ಮೂಲೆಯವನು ಕಣಕಾಲು ಹಿಡಿದ. ಹಿಡಿತ ಸಡಿಲಾಗುವ ಕ್ಷಣದಲ್ಲಿ ಮಗ ಗೆರೆಗೂ ರೈಡರ್‌ಗೂ ನಡುವೆ ಬಂದು ಕವುಚಿ ಬಿದ್ದ. ಸೀಟಿ ಊದಿತು. ಎಲ್ಲರೂ ಮೂಲೆಯವನ ಬೆನ್ನು ತಟ್ಟಿದರು. ಮಗ ಮೊಣಕೈಯ ಮಣ್ಣು ಕೊಡವಿಕೊಂಡು ಮತ್ತೆ ತನ್ನ ಜಾಗಕ್ಕೆ ಹೋಗಿ ಪಕ್ಕದವನಿಗೆ ಕೈ ಕೊಟ್ಟ. ಆ ಪಂದ್ಯದಲ್ಲಿ ಅವನ ಹೆಸರಿಗೆ ಬಂದ ಅಂಕ ಸೊನ್ನೆ. ಅವನ ತಂಡ ಮೂರು ಅಂಕಗಳಿಂದ ಗೆದ್ದಿತು.

ಮನೆಗೆ ಬರುವಾಗ ದಾರಿಯಲ್ಲಿ ತಂದೆ ಕೇಳಿದರು: “ಆ ಮೂಲೆ ಹುಡುಗನ ಕೈ ಜಗ್ಗಿದ್ಯಲ್ಲ, ಯಾಕೋ?”

ಹುಡುಗ ನಿಂತುಬಿಟ್ಟ. “ಅದನ್ನ ನೋಡಿದ್ರಾ ಅಪ್ಪ?” ಎಂದ.

ಪರೀಕ್ಷೆ ಮುಗಿಯುವವರೆಗೆ ಬೆಳಗಿನ ಒಂದು ಗಂಟೆ ಮಾತ್ರ ಆಟ, ಉಳಿದ ಹೊತ್ತು ಓದು ಎಂದು ಇಬ್ಬರ ನಡುವೆ ಒಪ್ಪಂದವಾಯಿತು. ಆ ವರ್ಷದ ತಂಡಕ್ಕೆ ಹುಡುಗ ಸೇರಲಿಲ್ಲ. ಪಟ್ಟಿ ಆಗಲೇ ಹೊರಟುಹೋಗಿತ್ತು. ಮುಂದಿನ ವರ್ಷ ಸೇರುತ್ತಾನೆ ಎಂಬ ಭರವಸೆಯನ್ನೂ ಯಾರೂ ಕೊಟ್ಟಿಲ್ಲ.

ಪರೀಕ್ಷೆಯ ಕೊನೆಯ ದಿನ ನೋಟ್‌ಬುಕ್ಕು ಹುಡುಗನ ಕೈಗೆ ವಾಪಸು ಬಂತು. ಕೊನೆಯ ಪುಟಗಳಲ್ಲಿ ಅಂಗಡಿಯ ಕೆಂಪು ಶಾಯಿಯಲ್ಲಿ ಹೊಸದೊಂದು ಕಾಲಂ ಎಳೆದಿತ್ತು. ತಲೆಬರಹ: ‘ಪಕ್ಕದಲ್ಲಿ ಯಾರು?’ ನಲವತ್ತೆರಡನೆಯವನ ಟಿಪ್ಪಣಿಯಲ್ಲಿ ‘ನಿಧಾನ’ ಎಂಬ ಮಾತನ್ನು ಹೊಡೆದು ‘ಅವಸರವಿಲ್ಲ’ ಎಂದು ತಿದ್ದಿತ್ತು. ‘ಗಿಡ್ಡ’ ಎಂಬುದು ಹಾಗೇ ಇತ್ತು. ಅದು ನಿಜವಾದ್ದರಿಂದ ತಂದೆ ಮುಟ್ಟಿರಲಿಲ್ಲ. ಬೆಲೆಯ ಜಾಗವನ್ನೂ ಅವರು ತುಂಬಿರಲಿಲ್ಲ.